ಮಾಹಿತಿ ಕೊಟ್ಟವರು: ಅಣ್ಣ

ನನ್ನ ತಂಗಿ ವಸಂತಿಯ ಕಾಯಿಲೆ ಶುರುವಾದದ್ದು 2004ರಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ. ಹತ್ತು ವರ್ಷ ಎಲ್ಲ ಡಾಕ್ಟರುಗಳಿಗೂ ಹಾಗೆಂದೇ ಹೇಳಿದೆ. ಅದು ತಪ್ಪು. ತಪ್ಪೆಂದು ಗೊತ್ತಾದದ್ದು ತಡವಾಗಿ. ಮೊದಲು, ಆಗ ನನಗೆ ಗೊತ್ತಿದ್ದಂತೆಯೇ ಬರೆಯುತ್ತೇನೆ.

ನಾನು ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ಅಮ್ಮನ ಜೊತೆ ಥಾಣೆಯ ಹತ್ತಿರದ ಡೊಂಬಿವಲಿಯಲ್ಲಿ ವಾಸ. ವಸಂತಿಯನ್ನು ಕಳಂಬೋಲಿಗೆ ಕೊಟ್ಟಿದ್ದೆವು. ಅವಳ ಗಂಡ ಸುಧಾಕರ ಅಲ್ಲಿನ ಕಬ್ಬಿಣದ ಮಾರ್ಕೆಟಿನಲ್ಲಿ ಗುಮಾಸ್ತ. ಒಂದು ಮಂಗಳವಾರ ಅವನು ಆಫೀಸಿಗೆ ಫೋನ್ ಮಾಡಿದ.

"ಭಾವ, ಒಮ್ಮೆ ಬನ್ನಿ. ಇವಳು ಎರಡು ದಿನದಿಂದ ಅನ್ನ ಮುಟ್ಟಲಿಲ್ಲ. ಮಾತೂ ಇಲ್ಲ."

ಹೋದೆ. ವಸಂತಿ ಅಡುಗೆಮನೆಯ ನೆಲದಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಕೂತಿದ್ದಳು. ನಾಲ್ಕು ವರ್ಷದ ಮಗಳು ಪ್ರಜ್ಞಾ ತಾಯಿಯ ಕೈಯಲ್ಲಿ ಬಿಸ್ಕತ್ತು ಇಡುತ್ತಿದ್ದಳು. ಅದು ಕೆಳಗೆ ಬೀಳುತ್ತಿತ್ತು. ಎತ್ತಿ ಮತ್ತೆ ಇಡುತ್ತಿದ್ದಳು. ನಾನು ಹೆಸರು ಹಿಡಿದು ಕರೆದೆ. ವಸಂತಿ ತಲೆಯೆತ್ತಿದಳು.

"ಮೆಲ್ಲ ಮಾತಾಡು ಅಣ್ಣ. ಪಕ್ಕದ ಮನೆಯ ಮಿಕ್ಸಿ ನನ್ನ ಹೆಸರು ಹೇಳ್ತಾ ಉಂಟು."

ಯಾವ ಮನೆಯಲ್ಲೂ ಮಿಕ್ಸಿ ಓಡುತ್ತಿರಲಿಲ್ಲ.

ಥಾಣೆಯ ಆಸ್ಪತ್ರೆಯೊಂದರ ಮಾನಸಿಕ ವಿಭಾಗಕ್ಕೆ ಕರೆದುಕೊಂಡು ಹೋದೆವು. ಒಪಿಡಿಯಲ್ಲಿ ಕೂರಲು ಜಾಗವಿರಲಿಲ್ಲ. ನಮ್ಮ ಸರದಿ ಬಂದಾಗ ಡಾಕ್ಟರು ವಸಂತಿಯನ್ನು ಮರಾಠಿಯಲ್ಲಿ ಎರಡು ಪ್ರಶ್ನೆ ಕೇಳಿದರು. ಅವಳು ಗೋಡೆ ನೋಡಿದಳು. ನಮ್ಮ ಮನೆಮಾತು ತುಳು. ಅವಳ ಹಿಂದಿ ತರಕಾರಿಯವನ ಜೊತೆ ಚೌಕಾಶಿಗೆ ಸಾಕಾಗುವಷ್ಟು. ಮರಾಠಿ ಅರ್ಥವಾದರೂ ಮಾತಾಡಲು ಬಾರದು. ಡಾಕ್ಟರು ನನ್ನ ಕಡೆ ತಿರುಗಿದರು. "ಥೋಡಕ್ಯಾತ್ ಸಾಂಗಾ," ಎಂದರು. ಚುಟುಕಾಗಿ ಹೇಳಿ.

ಚುಟುಕಾಗಿ ಹೇಳುವುದು ನನ್ನ ಕಸುಬು. ಯಾವಾಗ, ಎಲ್ಲಿ, ಏನಾಯಿತು, ಈಗ ಹೇಗಿದ್ದಾಳೆ. ಐದು ವಾಕ್ಯದಲ್ಲಿ ಮುಗಿಸಿದೆ. ಡಾಕ್ಟರಿಗೆ ಸಂತೋಷವಾಯಿತು. ಇದಕ್ಕೆ ಮೊದಲು ಹೇಗಿದ್ದರು ಎಂದು ಕೇಳಿದರು.

"ಏಕ್‌ದಮ್ ಠೀಕ್," ಎಂದೆ. "ಬಹಳ ಕೆಲಸಗಾರ್ತಿ. ಸದಾ ಖುಷಿಯಲ್ಲಿರುವವಳು."

ಅವರು ಬರೆದುಕೊಂಡರು. ಆ ಕೇಸ್ ಪೇಪರಿನ ಜೆರಾಕ್ಸ್ ಇನ್ನೂ ನನ್ನ ಹತ್ತಿರ ಇದೆ. ಮೊದಲ ಸಾಲು: ಇನ್ಫಾರ್ಮಂಟ್, ಬ್ರದರ್. ಅದರ ಮುಂದೆ: ರಿಲಯಬಲ್. ನಂಬಬಹುದಾದ ಮನುಷ್ಯ. ಕೆಳಗೆ, ಕಾಯಿಲೆಗೆ ಮೊದಲಿನ ಸ್ವಭಾವ: ಹಾರ್ಡ್‌ವರ್ಕಿಂಗ್, ಚಿಯರ್‌ಫುಲ್. ಎಲ್ಲಕ್ಕಿಂತ ಕೆಳಗೆ ಎರಡು ಶಬ್ದ.

ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾ.

ಮಾತ್ರೆ ಶುರುವಾಯಿತು. ಮಾತ್ರೆಯನ್ನು ಅವಳು ಕೆನ್ನೆಯಲ್ಲಿ ಅಡಗಿಸಿಟ್ಟು ಉಗುಳುತ್ತಾಳೆಂದು ತಿಳಿದ ಮೇಲೆ ಎರಡು ವಾರಕ್ಕೊಂದು ಇಂಜೆಕ್ಷನ್. ಮಿಕ್ಸಿ ಸುಮ್ಮನಾಯಿತು. ಅದು ನಿಜ, ಅದನ್ನು ದಾಖಲಿಸಬೇಕು. ಅದರ ಜೊತೆಗೆ ಕೈ ಬಿಗಿಯಾಯಿತು. ಚಪಾತಿ ಲಟ್ಟಿಸಿದರೆ ಲಟ್ಟಣಿಗೆ ಮುಂದೆ ಹೋಗದು. ಬಾಯಿಯ ಮೂಲೆಯಲ್ಲಿ ಜೊಲ್ಲು. ನಡೆದರೆ ಕೈ ಬೀಸುತ್ತಿರಲಿಲ್ಲ.

ಕಳಂಬೋಲಿಯಲ್ಲಿ ಸುಧಾಕರನ ತಾಯಿ ಆ ಎರಡು ಶಬ್ದಗಳನ್ನು ಬಿಲ್ಡಿಂಗಿನ ಡಾಕ್ಟರೊಬ್ಬರಿಗೆ ತೋರಿಸಿ ಅರ್ಥ ಕೇಳಿಕೊಂಡು ಬಂದರು. ಮರುವಾರ ವಸಂತಿಯ ಬಟ್ಟೆಗಳಿದ್ದ ಎರಡು ಚೀಲಗಳೊಂದಿಗೆ ಸುಧಾಕರ ಅವಳನ್ನು ಡೊಂಬಿವಲಿಗೆ ತಂದು ಬಿಟ್ಟ. ಪ್ರಜ್ಞಾ ಬರಲಿಲ್ಲ. ಅವನು ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ.

"ಡಾಕ್ಟರು ಆ ಹೆಸರು ತೆಗೆದ ದಿನ ನಾನೇ ಬಂದು ಕರೆದುಕೊಂಡು ಹೋಗ್ತೇನೆ ಭಾವ. ಆ ಹೆಸರಿರುವಾಗ ಅಮ್ಮ ಮಗುವನ್ನು ಇವಳ ಹತ್ತಿರ ಬಿಡುವುದಿಲ್ಲ. ನನಗೂ ಹೆದರಿಕೆ ಉಂಟು, ಸುಳ್ಳು ಯಾಕೆ ಹೇಳಲಿ."

ವಸಂತಿ ಒಳಗಿನಿಂದ ಕೇಳಿಸಿಕೊಂಡಿದ್ದಳು. ಅಲ್ಲಿಂದಾಚೆ ಪ್ರತಿ ಸಲ ಒಪಿಡಿಯಿಂದ ಹೊರಬಂದಾಗ ಅವಳದ್ದು ಒಂದೇ ಪ್ರಶ್ನೆ.

"ಹೆಸರು ಬದಲಾಯಿತಾ ಅಣ್ಣ?"

ಇಲ್ಲ ಎನ್ನುತ್ತಿದ್ದೆ. ಸ್ಟೇಶನ್ನಿಗೆ ನಡೆಯುತ್ತಿದ್ದೆವು.

ಬದಲಾಗಲೆಂದು ನಾನೂ ಪ್ರಯತ್ನಿಸಿದೆ. ಕಲ್ಯಾಣದ ಡಾಕ್ಟರೊಬ್ಬರಿಗೆ ತೋರಿಸಿದೆ. ಅವರು ಇದು ತೀವ್ರ ಡಿಪ್ರೆಶನ್ ಇರಬಹುದೆಂದು ಶಂಕಿಸಿ, ಹಳೆಯ ಕಾಗದಗಳನ್ನೆಲ್ಲ ನೋಡಿದ ಮೇಲೆ ಹಳೆಯ ಹೆಸರನ್ನೇ ಬರೆದರು. ಥಾಣೆಯ ಇನ್ನೊಬ್ಬರೂ ಹಾಗೆಯೇ. ಡಾಕ್ಟರು ಬದಲಾದಾಗಲೆಲ್ಲ ಮೊದಲಿನಿಂದ ಕತೆ ಹೇಳುವುದು ಕಷ್ಟವೆಂದು ನಾನು ಎರಡು ಪುಟದ ಸಾರಾಂಶ ಟೈಪ್ ಮಾಡಿಸಿ ಫೈಲಿಗೆ ಹಾಕಿದ್ದೆ. ಎಲ್ಲರೂ ಮೆಚ್ಚಿದರು. ಇಷ್ಟು ಸ್ಪಷ್ಟವಾದ ಹಿಸ್ಟರಿ ಮನೆಯವರು ಕೊಡುವುದಿಲ್ಲ ಎಂದರು. ಓದಿದರು, ಅದೇ ತೀರ್ಮಾನಕ್ಕೆ ಬಂದರು. ಮೂವರು ಡಾಕ್ಟರುಗಳ ಅಭಿಪ್ರಾಯ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಮೂವರೂ ಕೇಳಿದ್ದು, ಓದಿದ್ದು ಒಬ್ಬನ ಕತೆಯನ್ನು.

ನಡುವೆ ಒಳ್ಳೆಯ ದಿನಗಳು ಬರುತ್ತಿದ್ದವು. ವರ್ಷಕ್ಕೊಮ್ಮೆ, ಒಮ್ಮೊಮ್ಮೆ ಎರಡು ಸಲ. ವಸಂತಿ ಇದ್ದಕ್ಕಿದ್ದಂತೆ ಎದ್ದು ಮನೆ ತೊಳೆಯುತ್ತಿದ್ದಳು. ಹಾಡುತ್ತಿದ್ದಳು. ಅಕ್ಕಪಕ್ಕದವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದಳು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಹುಷಾರಾದಳೆಂದು ನಾವು ಒಂದೆರಡು ಇಂಜೆಕ್ಷನ್ ತಪ್ಪಿಸುತ್ತಿದ್ದೆವು. ಕೆಲವು ವಾರಗಳ ನಂತರ ಅವಳು ಮತ್ತೆ ನೆಲಕ್ಕೆ ಕೂರುತ್ತಿದ್ದಳು. ಇಂಜೆಕ್ಷನ್ ತಪ್ಪಿಸಿದ್ದರಿಂದ ಹೀಗಾಯಿತೆಂದು ಡಾಕ್ಟರು ಬೈಯುತ್ತಿದ್ದರು. ಡೋಸ್ ಏರುತ್ತಿತ್ತು.

ಅಂಥದೇ ಒಳ್ಳೆಯ ದಿನಗಳಲ್ಲಿ, ಪ್ರಜ್ಞಾ ಮೂರನೆಯ ತರಗತಿಯಲ್ಲಿದ್ದಾಗ, ವಸಂತಿ ಯಾರಿಗೂ ಹೇಳದೆ ಬಸ್ಸು ಹತ್ತಿ ಕಳಂಬೋಲಿಗೆ ಹೋದಳು. ಶಾಲೆಗೆ ಹೋಗಿ, ತಾಯಿ ಎಂದು ಸಹಿ ಹಾಕಿ, ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೊರಬಿದ್ದಳು. ಶಾಲೆಯವರಿಗೆ ಏನೂ ಅಸಹಜ ಅನ್ನಿಸಲಿಲ್ಲ. ಅಚ್ಚುಕಟ್ಟಾಗಿ ಸೀರೆ ಉಟ್ಟಿದ್ದಳು, ನಗುನಗುತ್ತ ಮಾತಾಡಿದಳಂತೆ. ಸಂಜೆ ಇಬ್ಬರೂ ಖಾರಘರದ ಗುಡ್ಡದ ಬುಡದಲ್ಲಿ ಸಿಕ್ಕರು. ಪ್ರಜ್ಞಾಳ ತೊಡೆಯ ಮೇಲೆ ಮೂರು ಹೊಸ ಫ್ರಾಕುಗಳಿದ್ದವು. ಮಗು ಅಳುತ್ತಿತ್ತು. ಯಾಕೆಂದು ಕೇಳಿದರೆ, "ಮಮ್ಮಿ ಚುಪ್ ಹೀ ನಹೀ ಹೋ ರಹೀ," ಎಂದಿತು. ಅಮ್ಮ ಮಾತು ನಿಲ್ಲಿಸುತ್ತಲೇ ಇಲ್ಲ.

"ಗುಡ್ಡ ತೋರಿಸುವ ಅಂತ ಆಸೆಯಾಯಿತು ಅಣ್ಣ," ಎಂದಳು ವಸಂತಿ, ದಾರಿಯುದ್ದಕ್ಕೂ. "ಎಲ್ಲರಿಗೂ ಒಂದೊಂದು ಗುಡ್ಡ ಉಂಟು, ನನ್ನ ಮಗಳಿಗೆ ಇಲ್ಲ. ತೋರಿಸುವ ಅಂತ."

ಆ ರವಿವಾರ ನಾನು ಸಾರಾಂಶಕ್ಕೆ ಒಂದು ವಾಕ್ಯ ಸೇರಿಸಿದೆ: ಭ್ರಮೆಯ ಸ್ಥಿತಿಯಲ್ಲಿ ಮಗುವನ್ನು ಶಾಲೆಯಿಂದ ಒಯ್ದಿದ್ದಾಳೆ. ಡಾಕ್ಟರುಗಳಿಗಾಗಿ ಅದನ್ನು ಇಂಗ್ಲಿಷಿನಲ್ಲಿ ಬರೆದಿದ್ದೆ. ಡೆಲ್ಯೂಷನ್ ಎಂಬ ಶಬ್ದವನ್ನು ಯಾವ ಡಾಕ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನೇ ಹಾಕಿದೆ. ವಾಕ್ಯ ಬಿಗಿಯಾಗಿ ಬಂತು.

ಆಮೇಲೆ, ಪ್ರಜ್ಞಾ ಅಪರೂಪಕ್ಕೆ ಅಪ್ಪನ ಜೊತೆ ಡೊಂಬಿವಲಿಗೆ ಬರುತ್ತಿದ್ದುದೂ ಪೂರ್ತಿ ನಿಂತಿತು.

2013ರಲ್ಲಿ, ನಾನು ಡೆಸ್ಕಿನಲ್ಲಿದ್ದಾಗ, ಏಜೆನ್ಸಿ ಸುದ್ದಿಯೊಂದು ಬಂತು. ಅಮೆರಿಕದ ಮನೋವೈದ್ಯರ ಕೈಪಿಡಿಯ ಹೊಸ ಆವೃತ್ತಿ ಹೊರಬಿದ್ದಿತ್ತು. ಯಾವ ಕಾಯಿಲೆಗೆ ಯಾವ ಹೆಸರು, ಎಷ್ಟು ಲಕ್ಷಣಗಳಿದ್ದರೆ ಆ ಹೆಸರು ಎಂದು ತೀರ್ಮಾನಿಸುವ ಪುಸ್ತಕ ಅದು. ಅದರ ಸುತ್ತ ಜಗಳವೂ ನಡೆದಿತ್ತು. ರಕ್ತಪರೀಕ್ಷೆಯಲ್ಲಿ ಸಿಗದ ಕಾಯಿಲೆಗಳನ್ನು ಸಮಿತಿ ಕೂತು ಹೆಸರಿಸುವುದು ಎಷ್ಟು ಸರಿ ಎಂದು ಒಂದು ಕಡೆಯವರು. ಹೆಸರೇ ಇಲ್ಲದಿದ್ದರೆ ಚಿಕಿತ್ಸೆಯನ್ನು ಎಲ್ಲಿಂದ ಶುರುಮಾಡುವುದು ಎಂದು ಇನ್ನೊಂದು ಕಡೆಯವರು. ಕೊನೆಯ ಪ್ಯಾರಾದಲ್ಲಿ ಕೈಬಿಟ್ಟ ಹೆಸರುಗಳಿದ್ದವು. ಸ್ಕಿಜೋಫ್ರೇನಿಯಾದ ಒಳವಿಭಾಗಗಳನ್ನು ತೆಗೆದುಹಾಕಿದ್ದರು. ಅದರಲ್ಲಿ ಪ್ಯಾರನಾಯ್ಡ್ ಕೂಡ ಇತ್ತು.

ಜಾಗ ಕಡಿಮೆ ಇತ್ತು. ಸುದ್ದಿಯನ್ನು ಒಂದು ಕಾಲಮ್ಮಿಗೆ ಇಳಿಸಿದೆ. ಕೊನೆಯ ಪ್ಯಾರಾ ಹೋಯಿತು. ಕೊನೆಯ ಪ್ಯಾರಾ ಹೋಗುವುದು ಪತ್ರಿಕೆಯಲ್ಲಿ ರೂಢಿ.

ಮರುದಿನ ಥಾಣೆಯ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಅವರು ನಕ್ಕರು. "ಪುಸ್ತಕ ಬದಲ್ತಂ, ಪೇಶಂಟ್ ತೋಚ್ ಅಸ್ತೋ." ಪುಸ್ತಕ ಬದಲಾಗುತ್ತದೆ, ಪೇಶಂಟು ಅವನೇ ಇರುತ್ತಾನೆ. ಇಂಜೆಕ್ಷನ್ ತಪ್ಪಿಸಬೇಡಿ ಎಂದರು.

ವಸಂತಿಗೆ ಹೇಳಿದೆ. ಅಷ್ಟರಲ್ಲಿ ಅವಳ ನಾಲಿಗೆ ತನ್ನಷ್ಟಕ್ಕೆ ಹೊರಗೆ ಬಂದು ತುಟಿ ಸವರಿ ಒಳಹೋಗಲು ಶುರುವಾಗಿತ್ತು. ನಿಮಿಷಕ್ಕೆ ಹಲವು ಸಲ. ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರಲ್ಲಿ ಹೀಗಾಗುವುದುಂಟು ಎಂದಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು.

"ಅರ್ಧ ಹೆಸರು ಹೋಯಿತಲ್ಲ ಅಣ್ಣ. ಉಳಿದರ್ಧ ಹೋಗುವಾಗ ನಾನು ಮುದುಕಿ ಆಗಿರ್ತೇನೆ, ಅಲ್ವಾ?"

ಅಮ್ಮ ನಕ್ಕುಬಿಟ್ಟರು. ಆಮೇಲೆ ಎದ್ದು ಒಳಗೆ ಹೋದರು.

ಖಾರಘರದ ಡಾಕ್ಟರನ್ನು ನೋಡಿದ್ದು ನಾಲಿಗೆಯ ತೊಂದರೆಗಾಗಿ, ಮುಂದಿನ ವರ್ಷ. ಮೂವತ್ತೈದರ ಆಸುಪಾಸಿನ ಹೆಂಗಸು. ನಾನು ಫೈಲನ್ನು ಮೇಜಿನ ಮೇಲಿಟ್ಟು ಸಾರಾಂಶದ ಪುಟ ತೆರೆದೆ. ಅವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು. ವಸಂತಿಯನ್ನು ಕೇಳಿದರು, ಹಿಂದಿಯಲ್ಲಿ, ಏನೇನಾಯಿತು ನೀವೇ ಹೇಳಿ ಎಂದು. ವಸಂತಿ ನನ್ನ ಮುಖ ನೋಡಿದಳು. ನಾನು ಶುರುಮಾಡಿದೆ, 2004ರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ...

"ಸರ್, ಆಪ್ ಬಾಹರ್ ಬೈಠಿಯೇ."

"ಅವಳಿಗೆ ಹಿಂದಿ ಅಷ್ಟು ಬರುವುದಿಲ್ಲ, ಡಾಕ್ಟರ್."

"ಮೇರೇ ಪಾಸ್ ಟೈಮ್ ಹೈ."

ಅವರಿಗೆ ಸಮಯವಿತ್ತು. ನಾನು ಹೊರಗೆ ಕೂತೆ. ಐವತ್ತು ನಿಮಿಷ. ಹತ್ತು ವರ್ಷದಲ್ಲಿ ಮೊದಲ ಸಲ ಬಾಗಿಲಿನ ಆ ಕಡೆ ಅವಳು, ಈ ಕಡೆ ನಾನು. ಗೋಡೆಯ ಮೇಲಿದ್ದ ಸೂಚನಾ ಫಲಕದಲ್ಲಿ ಎರಡು ಕಾಗುಣಿತದ ತಪ್ಪು ಕಂಡುಹಿಡಿದೆ. ಕೊನೆಗೆ ನನ್ನನ್ನು ಒಳಗೆ ಕರೆದರು. ಡಾಕ್ಟರು ಕೇಳಿದ್ದು ಒಂದು ಪ್ರಶ್ನೆ. ನಿದ್ದೆ ಮಾಡದೆಯೂ ಇವರಿಗೆ ದಣಿವಾಗದ ದಿನಗಳು ಇದ್ದವೇ? ಒಂದರ ಮೇಲೊಂದು, ವಾರಗಟ್ಟಲೆ?

"ಇದ್ದವು," ಎಂದೆ. "ಅವು ಇವಳು ಹುಷಾರಾಗಿದ್ದ ದಿನಗಳು."

ಡಾಕ್ಟರು ಪೆನ್ನು ಹಿಡಿದು ಕಾದರು.

ಆಗ ನಾನು ಹೇಳಿದ ವಾಕ್ಯ ನನಗೇ ಕೇಳಿಸಿತು.

ಈಗ ಕ್ರಮವಾಗಿ ಬರೆಯುತ್ತೇನೆ. 2004ರ ಕೃಷ್ಣಾಷ್ಟಮಿಗೆ, ಅಂದರೆ ಅವಳು ನೆಲಕ್ಕೆ ಕೂರುವ ಒಂದು ತಿಂಗಳು ಮೊದಲು, ವಸಂತಿ ಪ್ರತಿ ವರ್ಷದಂತೆ ಅಮ್ಮನ ಸಹಾಯಕ್ಕೆ ಡೊಂಬಿವಲಿಗೆ ಬಂದಿದ್ದಳು. ಹಬ್ಬಕ್ಕೆ ನಮ್ಮ ಕಡೆಯ ಮನೆಗಳವರು ಅಮ್ಮನಿಂದ ಚಕ್ಕುಲಿ, ಉಂಡೆ ಮಾಡಿಸಿಕೊಳ್ಳುತ್ತಿದ್ದರು. ಆ ವರ್ಷ ವಸಂತಿ ಅಮ್ಮನನ್ನು ಒಲೆಯ ಹತ್ತಿರ ಬಿಡಲಿಲ್ಲ. ಎರಡು ವಾರ ಅವಳು ಸರಿಯಾಗಿ ಮಲಗಿದ್ದನ್ನು ಯಾರೂ ನೋಡಲಿಲ್ಲ. ಹಗಲು ಡಬ್ಬ ಹಿಡಿದು ಬಿಲ್ಡಿಂಗುಗಳನ್ನು ಹತ್ತಿ ಇಳಿದಳು. ಯಾರೂ ಕೇಳದ ಮನೆಗಳಿಗೂ ಕೊಟ್ಟು ಬಂದಳು. ನಡುವೆ ಒಬ್ಬಳೇ ಥಾಣೆಯ ಘೋಡಬಂದರ್ ರಸ್ತೆಗೆ ಹೋಗಿ, ಹೊಸ ಕಾಂಪ್ಲೆಕ್ಸ್ ಒಂದರಲ್ಲಿ ಖಾಲಿ ಅಂಗಡಿ ನೋಡಿ, ಹೋಟೆಲಿಗೆ ಹೆಸರಿಟ್ಟು, ಕೆಲಸಕ್ಕೆ ನಾಲ್ಕು ಜನರನ್ನು ಗೊತ್ತುಮಾಡಿ ಬಂದಳು. ಮಾತಿನ ವೇಗಕ್ಕೆ ಎದುರಿದ್ದವರಿಗೆ ಉಸಿರು ಸಾಲುತ್ತಿರಲಿಲ್ಲ.

ನಾವು ಹೆದರಲಿಲ್ಲ. ಹೆಮ್ಮೆಪಟ್ಟೆವು.

ನಮ್ಮದು ಹೋಟೆಲಿನವರ ಕುಟುಂಬ. ಅಪ್ಪ ಕಾರ್ಖಾನೆಯೊಂದರ ಕ್ಯಾಂಟೀನ್ ನಡೆಸುತ್ತಿದ್ದರು. ಚಿಕ್ಕಪ್ಪಂದಿರು ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದು, ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದವರು. ಮೂರು ಗಂಟೆ ಮಲಗಿದವನು ಗಂಡಸು, ಆರು ಗಂಟೆ ಮಲಗಿದವನು ಸೋಮಾರಿ. ಮದುವೆಯ ಮಾತುಕತೆಯಲ್ಲಿ ಹುಡುಗಿಗೆ ಹೇಳುವ ದೊಡ್ಡ ಗುಣವೂ ಅದೇ: ಕೂತದ್ದನ್ನು ನೋಡಿದವರಿಲ್ಲ. ಅಂಥ ಮನೆಯಲ್ಲಿ ನಿದ್ದೆಗೆಟ್ಟು ದುಡಿಯುವುದು ಒಂದು ಕಾಯಿಲೆಯ ಲಕ್ಷಣವಾಗಿರಬಹುದೆಂದು ಯಾರಿಗೆ ಹೊಳೆಯಬೇಕು? ಡಾಕ್ಟರು ಅಮ್ಮನನ್ನೂ ಕರೆಸಿ ಕೇಳಿದರು. ಅಮ್ಮ ಎಲ್ಲವನ್ನೂ ಹೇಳಿದರು, ಬಹುಮಾನದ ಪಟ್ಟಿ ಓದಿದ ಹಾಗೆ.

ನನ್ನ ಸಾರಾಂಶದ ಎರಡು ಪುಟಗಳಲ್ಲಿ ಅದರ ಒಂದಕ್ಷರವೂ ಇರಲಿಲ್ಲ. ಅಷ್ಟಮಿ ಸುದ್ದಿಗೆ ಸಂಬಂಧವಿಲ್ಲದ ಪ್ಯಾರಾ ಎಂದು ನಾನು ಮೊದಲ ದಿನವೇ ಹೊಡೆದುಹಾಕಿದ್ದೆ. ಮುಂದಿನ ವರ್ಷಗಳಲ್ಲಿ ಬಂದ ಅಂಥ ವಾರಗಳನ್ನು, ಇಂಪ್ರೂವ್ಡ್, ಎಂದು ಒಂದು ಶಬ್ದದಲ್ಲಿ ಮುಗಿಸಿದ್ದೆ.

ಹೊಸ ಕಾಗದದಲ್ಲಿ ಡಾಕ್ಟರು ಬರೆದದ್ದು ಬೈಪೋಲಾರ್ ಡಿಸಾರ್ಡರ್ ಎಂದು. ಮೇಲಕ್ಕೆ ಏರುವ ದಿನಗಳು, ನೆಲಕ್ಕೆ ಬೀಳುವ ದಿನಗಳು. ಬಿದ್ದ ದಿನಗಳಲ್ಲಿ ಇಲ್ಲದ ಧ್ವನಿ ಕೇಳುವುದೂ ಇದೆ. ಮೊದಲ ಡಾಕ್ಟರಿಗೆ ಕಂಡದ್ದು ಅದೊಂದೇ. ನಾನು ತೋರಿಸಿದ್ದು ಅದೊಂದೇ. ಇದಾದರೂ ಖಚಿತವೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಲ್ಲಾಡಿಸಿದರು. ಈ ಹೆಸರುಗಳ ನಡುವಿನ ಗೆರೆ ನಾವು ಎಳೆದದ್ದು, ಇನ್ನೊಬ್ಬ ಡಾಕ್ಟರು ಎರಡರ ನಡುವಿನ ಹೆಸರೊಂದನ್ನು ಹೇಳಬಹುದು, ಔಷಧಿಗೆ ಇವರು ಹೇಗೆ ಸ್ಪಂದಿಸುತ್ತಾರೋ ನೋಡೋಣ ಎಂದರು. ಪುಸ್ತಕದ ಪಟ್ಟಿಯ ಬಗ್ಗೆ ವಾದಿಸುವವರು ಎರಡೂ ಕಡೆ ಇದ್ದಾರೆ, ಇರಲಿ. ಪಟ್ಟಿ ತೆರೆಯುವ ಮೊದಲು ಡಾಕ್ಟರಿಗೆ ಯಾರೋ ಏನನ್ನೋ ಹೇಳಿರುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಹೇಳಿದವನು ನಾನು.

ಲಿಥಿಯಮ್ ಮಾತ್ರೆ ಶುರುವಾಯಿತು. ಆಗಾಗ ರಕ್ತಪರೀಕ್ಷೆ. ಹಳೆಯ ಇಂಜೆಕ್ಷನ್ನನ್ನು ನಿಧಾನವಾಗಿ ಇಳಿಸಿದರು. ಎಂಟು ತಿಂಗಳಾದ ಮೇಲೆ ವಸಂತಿಯ ಕೈ ಸಡಿಲವಾಯಿತು. ಚಪಾತಿ ದುಂಡಗೆ ಬಂತು. ಆ ವರ್ಷದ ಅಷ್ಟಮಿಗೆ ಅವಳು ರಾತ್ರಿ ಹತ್ತಕ್ಕೆ ಮಲಗಿದಳು, ಅಮ್ಮ ಗೊಣಗಿದರೂ. ನಾಲಿಗೆ ಮಾತ್ರ ನಿಲ್ಲಲಿಲ್ಲ. ಅದು ಹೋಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಹೆಸರು ಬದಲಾದ ಕಾಗದ ಹಿಡಿದು ನಾನು ಕಳಂಬೋಲಿಗೆ ಹೋದೆ. ಸುಧಾಕರ ಎರಡು ಸಲ ಓದಿದ. ಕೆಟ್ಟ ಮನುಷ್ಯನಲ್ಲ. ಇನ್ನೊಂದು ಮದುವೆ ಮಾಡಿಕೊಂಡಿಲ್ಲ.

"ನಾನು ಹೇಳಿದ್ದೆ, ನೆನಪುಂಟು ಭಾವ," ಎಂದ. "ಆದರೆ ಆಗ ಮಗಳಿಗೆ ನಾಲ್ಕು ವರ್ಷ. ಈಗ ಹದಿನಾಲ್ಕು. ನಾನು ಎತ್ತಿಕೊಂಡು ಬಂದು ಕೊಡುವ ಹಾಗಿಲ್ಲ. ಅವಳನ್ನೇ ಕೇಳಿ."

ಪ್ರಜ್ಞಾ ಬಾಗಿಲ ಬಳಿ ನಿಂತಿದ್ದಳು. ತುಳು ಅವಳಿಗೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಕಾಗದ ತೆಗೆದುಕೊಂಡು, ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಅಲ್ಲೇ ನಿಂತು ಓದಿದಳು. ಬಹಳ ಹೊತ್ತು. ಆಮೇಲೆ ಕೇಳಿದಳು.

"ಮಾಮಾ, ಮುಝೇ ಭೀ ಹೋಗಾ ಕ್ಯಾ?"

ನನಗೂ ಬರುತ್ತದಾ.

ಹತ್ತು ವರ್ಷ ನಾವು ಕಾದಿದ್ದ ಹೆಸರು ಅವಳಿಗೆ ಮೊದಲು ಕೊಟ್ಟದ್ದು ಆ ಹೆದರಿಕೆಯನ್ನು. ಗೊತ್ತಿಲ್ಲ ಎಂದೆ. ಬರಬೇಕೆಂದಿಲ್ಲ, ಬಂದರೆ ಔಷಧಿ ಇದೆ, ಡಾಕ್ಟರನ್ನು ಕೇಳೋಣ ಎಂದೆ. ಇದು ಮೊದಲೇ ಯಾಕೆ ತಿಳಿಯಲಿಲ್ಲ ಎಂದು ಕೇಳಿದಳು. ನಾನು ಸರಿಯಾಗಿ ಹೇಳದೆ ಇದ್ದದ್ದರಿಂದ ಎಂದೆ. ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಸಮಾಧಾನ ಹೇಳಲಿಲ್ಲ. ಒಳಗೆ ಹೋದಳು.

ಎರಡು ತಿಂಗಳು ಸುದ್ದಿಯಿರಲಿಲ್ಲ. ಈಗ, ಇದನ್ನು ಬರೆಯುವ ಮೂರು ವಾರ ಮೊದಲು, ಒಂದು ರವಿವಾರ ಮಧ್ಯಾಹ್ನ ಸುಧಾಕರ ಅವಳನ್ನು ನಮ್ಮ ಬಿಲ್ಡಿಂಗಿನ ಗೇಟಿನವರೆಗೆ ಬಿಟ್ಟು ಹೋದ. ಸಂಜೆ ಬರುತ್ತೇನೆಂದ. ವಸಂತಿ ಕುರ್ಚಿಯ ಅಂಚಿನಲ್ಲಿ, ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಪ್ರಜ್ಞಾ ಎದುರಿಗೆ ಕೂತಳು. ಅಮ್ಮ ಚಾ ತಂದಿಟ್ಟು, ನಿಲ್ಲಲಾರದೆ ದೇವರ ಕೋಣೆಗೆ ಹೋದರು. ಯಾರೂ ಚಾ ಮುಟ್ಟಲಿಲ್ಲ.

"ಮಮ್ಮಿ," ಎಂದಳು ಪ್ರಜ್ಞಾ. "ಆಪ್‌ಕೋ ಹೋತಾ ಕ್ಯಾ ಥಾ?"

ನಿಮಗೆ ಏನಾಗುತ್ತಿತ್ತು. ಪ್ರಶ್ನೆ ತಾಯಿಗೆ. ವಸಂತಿಯ ಕಣ್ಣು ರೂಢಿಯಂತೆ ನನ್ನ ಕಡೆ ಬಂತು. ನನ್ನ ಬಳಿ ಉತ್ತರ ತಯಾರಿತ್ತು, ಆರಂಭದ ವಾಕ್ಯ ಸಮೇತ.

ನಾನು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡೆ.

ಒಂದೂವರೆ ಗಂಟೆ ಅಲ್ಲಿ ನಿಂತಿದ್ದೆ. ವಸಂತಿಯ ಧ್ವನಿ ಕೇಳುತ್ತಿತ್ತು, ತುಳುವಿನಲ್ಲಿ, ನಡುನಡುವೆ ಹಿಂದಿಯಲ್ಲಿ, ಶಬ್ದಗಳು ಸ್ಪಷ್ಟವಿರಲಿಲ್ಲ. ಒಮ್ಮೆ ಪ್ರಜ್ಞಾ ನಕ್ಕದ್ದು ಕೇಳಿಸಿತು, ಅಥವಾ ಅತ್ತದ್ದು. ಮಾತು ಸಿಗದೆ ವಸಂತಿ ಅಣ್ಣಾ ಎಂದು ಕೂಗುತ್ತಾಳೆಂದು ಕಾದೆ.

ಕೂಗಲಿಲ್ಲ.